ಮೈಲೋನ ಹಸಿರು ಬ್ಯೂಕ್

ಸಾಯುವುದಕ್ಕೆ ಎರಡು ದಿನ ಮುಂಚೆ ನನ್ನ ಗಂಡ ಮೈಲೋ ಆಸ್ಪತ್ರೆಯ ಮಂಚದ ಮೇಲಿಂದಲೇ ನನ್ನ ಕೈ ಹಿಡಿದುಕೊಂಡು, "ಬ್ಯೂಕನ್ನ ಅಗ್ಗಕ್ಕೆ ಕೊಟ್ಟುಬಿಡಬೇಡ ವರ್ನಾ" ಎಂದ. ನಲವತ್ತು ವರ್ಷಕ್ಕೂ ಮಿಕ್ಕಿ ಜೊತೆಯಲ್ಲಿ ಬಾಳಿದ ಗಂಡಸು ಹೆಂಡತಿಗೆ ಕೊನೆಯಲ್ಲಿ ಹೇಳಬೇಕಾದ ಮಾತು ಇದೇನಾ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಆಗ ಮಾತ್ರ "ಆಯ್ತು" ಎಂದೆ. ಸಾಯುವವನ ಹತ್ತಿರ ವಾದ ಮಾಡುವುದುಂಟೆ?

ಕಾರು 1970ರ ಬ್ಯೂಕ್ ಜಿಎಸ್, ಕಡು ಹಸಿರು. ಮೈಲೋ ಮೀಸೆ ಚಿಗುರುವ ವಯಸ್ಸಿನಲ್ಲಿ ಫ್ಲಿಂಟ್ ಊರಿನ ಕಾರು ಕಾರ್ಖಾನೆಗೆ ಸೇರಿದ ಕಾಲಕ್ಕೆ ಅಲ್ಲೇ ತಯಾರಾದದ್ದು. ಬಾಗಿಲು ಕೂರಿಸುವ ಸಾಲಿನಲ್ಲಿ ಅವನೂ ಡ್ಯಾರೆಲ್ ಟೀಚೌಟನೂ ಎದುರುಬದುರು ನಿಲ್ಲುತ್ತಿದ್ದರು. ಎಡಬಾಗಿಲು ಒಬ್ಬನದು, ಬಲಬಾಗಿಲು ಇನ್ನೊಬ್ಬನದು. ದಿನವಿಡೀ ಆ ಕಾರಿಗೆ ಬಾಗಿಲು ಬಿಗಿಯುತ್ತಿದ್ದವರಿಗೆ ಅದನ್ನು ಕೊಳ್ಳುವ ಶಕ್ತಿ ಮಾತ್ರ ಇರಲಿಲ್ಲ. ಹದಿನೈದು ವರ್ಷ ಕಳೆದ ಮೇಲೆ, ಒಬ್ಬ ರೈತನ ಕೊಟ್ಟಿಗೆಯಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಒಂದು ಬ್ಯೂಕನ್ನು ಮೈಲೋ ಸರಪಳಿ ಹಾಕಿ ಎಳೆದು ತಂದ. ಸ್ನೇಹಿತ ತಂದಮೇಲೆ ತಾನು ಸುಮ್ಮನಿರುವುದು ಹೇಗೆ ಎಂದು ಡ್ಯಾರೆಲ್ ಓಹಾಯೋದಿಂದ ನೀಲಿಯದೊಂದನ್ನು ತಂದ.

ಅಲ್ಲಿಗೆ ನನ್ನ ಸಂಜೆಗಳು ಮುಗಿದವು. ಊಟ ಮುಗಿಸಿದವನೇ ಹಿತ್ತಿಲ ಶೆಡ್ಡಿಗೆ ನಡೆದುಬಿಡುತ್ತಿದ್ದ. ತುಕ್ಕು ಕೆರೆಯುವುದು, ಬಣ್ಣ ಹೊಡೆಯುವುದು, ಆ ಬಣ್ಣ ಸರಿಯಿಲ್ಲವೆಂದು ಮತ್ತೆ ಕೆರೆಯುವುದು. "ಒಳಗೆ ಬಾರೋ, ಚಳಿ" ಎಂದು ನಾನು ಹಿಂಬಾಗಿಲಲ್ಲಿ ನಿಂತು ಕೂಗಿದರೆ ಕಾರಿನ ಅಡಿಯಿಂದ ದನಿ ಬರುತ್ತಿತ್ತು: "ಇದೆಲ್ಲ ಯಾರಿಗೆ ಅಂದ್ಕೊಂಡಿದೀಯ? ನಿನಗೇ ಕಣೇ. ನಾನು ಹೋದ ಮೇಲೆ ಇದನ್ನ ಮಾರಿ ರಾಣಿ ಹಾಗೆ ಇರ್ತೀಯ."

ಅದು ಪೂರಾ ಸುಳ್ಳೂ ಆಗಿರಲಿಲ್ಲ. 2006ರಲ್ಲಿ ಶಿಕಾಗೋದ ಒಬ್ಬ ಹಲ್ಲಿನ ಡಾಕ್ಟರು ನಮ್ಮ ಅಂಗಳದಲ್ಲಿ ನಿಂತು ಎಪ್ಪತ್ತು ಸಾವಿರ ಡಾಲರ್ ಕೊಡುತ್ತೇನೆಂದ. ನಮ್ಮ ಮನೆಗೇ ಅಷ್ಟು ಬೆಲೆ ಇರಲಿಲ್ಲ. ಮೈಲೋ ನಕ್ಕು, "ಹತ್ತು ವರ್ಷ ಬಿಟ್ಟು ಬಾ, ಎರಡರಷ್ಟು ತಗೊಂಡು ಬಾ" ಎಂದು ಕಳಿಸಿದ. ಆ ಸಂಜೆ ಅವನೂ ಡ್ಯಾರೆಲನೂ ಮದುವೆ ಮನೆಯವರ ಹಾಗೆ ಬಿಯರ್ ಕುಡಿದು ಹಾಡಿದರು. ಮಾರಲಿಲ್ಲ ಎಂಬ ಸಂಭ್ರಮಕ್ಕೆ!

ಮೈಲೋ ಹೋದದ್ದು ಏಪ್ರಿಲಿನಲ್ಲಿ. ಜೂನ್ ಹೊತ್ತಿಗೆ ಡುರಾಂಡಿನಿಂದ ನನ್ನ ತಂಗಿ ರೊಸಾಲಿ ಫೋನ್ ಮಾಡಿದಳು. ಅವಳ ಪಕ್ಕದ ಮನೆ ಮಾರಾಟಕ್ಕಿತ್ತು. ಚಿಕ್ಕದು, ಒಂದೇ ಅಂತಸ್ತು, ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡೇ ಇದೆ. ನನ್ನ ಎರಡು ಮಂಡಿಗಳೂ ಸವೆದಿವೆ. ಒವಾಸೊದ ನಮ್ಮ ಮನೆಯಲ್ಲಿ ಬಚ್ಚಲಿರುವುದು ಮಾಳಿಗೆಯ ಮೇಲೆ, ಕಡಿದಾದ ಮೆಟ್ಟಿಲು. "ಅಕ್ಕ, ಬಂದುಬಿಡೇ. ಬೇಲಿಯಲ್ಲಿ ಒಂದು ಗೇಟ್ ಮಾಡಿಸೋಣ. ದಿನಾ ಇಸ್ಪೀಟ್ ಆಡಬಹುದು" ಎಂದಳು. ಮುಂಗಡಕ್ಕೆ ಮೂವತ್ತೈದು ಸಾವಿರ ಬೇಕಿತ್ತು. ನನ್ನ ಶೆಡ್ಡಿನಲ್ಲಿ ಎಪ್ಪತ್ತು ಸಾವಿರ ನಿಂತಿದೆಯಲ್ಲ ಎಂದುಕೊಂಡು ನಾನು ಪರದೆಗೆ ಯಾವ ಬಟ್ಟೆ ಎಂದು ಯೋಚಿಸುವುದಕ್ಕೇ ಶುರುಮಾಡಿದ್ದೆ.

ಮಾರುವ ಜವಾಬ್ದಾರಿಯನ್ನು ಡ್ಯಾರೆಲ್ ತಾನೇ ಹೊತ್ತುಕೊಂಡ. ಬೇಡ ಎನ್ನಲು ನನಗೆ ಬಾಯಿರಲಿಲ್ಲ. ಮೈಲೋನ ಕೊನೆಯ ತಿಂಗಳುಗಳಲ್ಲಿ ನಮ್ಮನ್ನು ಆಸ್ಪತ್ರೆಗೆ ಕರೆದೊಯ್ದವನು ಅವನು, ನಮ್ಮ ಅಂಗಳದ ಹಿಮ ಎತ್ತಿದವನು ಅವನು, ಶವಪೆಟ್ಟಿಗೆಗೆ ಹೆಗಲು ಕೊಟ್ಟು ಚಿಕ್ಕ ಮಗುವಿನ ಹಾಗೆ ಅತ್ತವನು ಅವನು. ನನ್ನ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿ, ಕೆಳಗೆ ತನ್ನ ಫೋನ್ ನಂಬರು ಕೊಟ್ಟ. "ನಿನಗೆ ಯಾಕೆ ತಲೆನೋವು, ಬೆಲೆ ವಿಷಯ ನನಗೆ ಬಿಡು" ಎಂದ. ಅರವತ್ತೈದು ಸಾವಿರ ಎಂದು ಬರೆದ.

ಪ್ರತಿ ಶುಕ್ರವಾರ ಸಂಜೆ ನದಿಯ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಹಳೇ ಕಾರಿನ ಕ್ಲಬ್ಬಿನವರು ಸೇರುತ್ತಾರೆ. ಡ್ಯಾರೆಲ್ ತನ್ನ ನೀಲಿಯದನ್ನೂ ನನ್ನ ಹಸಿರಿನದನ್ನೂ ಅಕ್ಕಪಕ್ಕ ನಿಲ್ಲಿಸಿ, ಬಾನೆಟ್ ಎತ್ತಿ, ನನಗೊಂದು ಮಡಿಸುವ ಕುರ್ಚಿ ಹಾಕಿಕೊಡುತ್ತಿದ್ದ. ಇಡೀ ಬೇಸಿಗೆ ಅಲ್ಲಿ ಕೂತೆ. ಬರುತ್ತಿದ್ದವರೆಲ್ಲ ನನ್ನ ವಯಸ್ಸಿನ ಗಂಡಸರು. ಒಬ್ಬ ಇಂಜಿನ್ನಿನ ಮೇಲೆ ಬಗ್ಗಿ ನಿಟ್ಟುಸಿರು ಬಿಟ್ಟು, "ನನ್ನ ಹತ್ರನೂ ಒಂದಿತ್ತು, ವಿಯೆಟ್ನಾಮಿಗೆ ಹೋಗೋ ಮುಂಚೆ ಮಾರಿಬಿಟ್ಟೆ" ಎನ್ನುತ್ತಿದ್ದ. ಇನ್ನೊಬ್ಬ, "ನನ್ನ ಹತ್ರನೂ ಒಂದಿತ್ತು, ಮೊದಲನೇ ಹೆಂಡತಿ ಕಂಬಕ್ಕೆ ಗುದ್ದಿದಳು" ಎನ್ನುತ್ತಿದ್ದ. ಈ ಕಾರು ಒಂದು ಕಾಲದಲ್ಲಿ ತನ್ನ ಹತ್ತಿರ ಇರಲಿಲ್ಲ ಎನ್ನುವ ಒಬ್ಬನೇ ಒಬ್ಬ ಗಂಡಸು ನನಗೆ ಆ ಬೇಸಿಗೆಯಲ್ಲಿ ಸಿಗಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಕತೆ ಹೇಳಿ, ಹಾಟ್‌ಡಾಗ್ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮನೆಗೆ ಹೋಗುತ್ತಿದ್ದರು.

"ಯಾರಾದ್ರೂ ಬೆಲೆ ಕೇಳಿದ್ರಾ?" ಎಂದು ನಾನು ಪ್ರತಿ ವಾರ ಕೇಳುತ್ತಿದ್ದೆ.

"ಬರ್ತಾರೆ, ಬರ್ತಾರೆ. ಇಂಥ ಕಾರಿಗೆ ಇಂಥವನೇ ಅಂತ ಒಬ್ಬ ಇರ್ತಾನೆ. ಅವಸರ ಮಾಡಿದ್ರೆ ಕೆಟ್ಟಿತು."

"ಅವಸರ ನನ್ನ ಮಂಡಿಗೆ ಕಣೋ, ನನಗಲ್ಲ. ತಂಗಿ ಪಕ್ಕದ ಮನೆ ಕೈ ತಪ್ಪುತ್ತೆ, ಐವತ್ತು ಅಂತ ಹಾಕು."

"ಐವತ್ತಾ? ಮೈಲೋ ಗೋರಿಯಿಂದ ಎದ್ದು ಬರ್ತಾನೆ!"

"ಬರಲಿ. ಬಂದು ಆ ಮೆಟ್ಟಿಲ ಮೇಲೆ ನನ್ನನ್ನ ಎತ್ಕೊಂಡು ಹೋಗಲಿ."

ಅವನು ನಕ್ಕುಬಿಟ್ಟ. ಬೆಲೆ ಇಳಿಸಲಿಲ್ಲ. ಆಗಸ್ಟಿನ ಕೊನೆಯಲ್ಲಿ ರೊಸಾಲಿ ಮತ್ತೆ ಫೋನ್ ಮಾಡಿದಳು. ಪಕ್ಕದ ಮನೆಯನ್ನು ಯಾರೋ ಗಂಡ ಹೆಂಡತಿ ಕೊಂಡರಂತೆ. ಅವರಿಗೆ ಎರಡು ದೊಡ್ಡ ನಾಯಿಗಳಂತೆ. ಬೇಲಿಯನ್ನು ಇನ್ನೂ ಎತ್ತರ ಮಾಡಿಸುತ್ತಾರಂತೆ. ನಾನು "ಹೋಗಲಿ ಬಿಡು" ಎಂದು ಫೋನ್ ಇಟ್ಟು, ಕತ್ತರಿಸಿಟ್ಟಿದ್ದ ಪರದೆಯ ಬಟ್ಟೆಯನ್ನು ಮಡಿಸಿ ಒಳಗಿಟ್ಟೆ.

ಸೆಪ್ಟೆಂಬರಿನಲ್ಲಿ ಇಂಡಿಯಾನಾದಲ್ಲೊಂದು ದೊಡ್ಡ ಹರಾಜು. ಡ್ಯಾರೆಲ್ ತನ್ನ ಪಿಕಪ್ಪಿಗೆ ಟ್ರೇಲರ್ ಕಟ್ಟಿ ಬ್ಯೂಕನ್ನು ಹೇರಿಕೊಂಡ. ನಾನೂ ಹೋದೆ. ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಮಿತಿಯನ್ನು ಮೊದಲೇ ಹೇಳಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಡ್ಯಾರೆಲ್ "ಐವತ್ತೈದು" ಎಂದ. ಹರಾಜಿನವರ ಕಡೆಯ ಹುಡುಗ, ಒಳ್ಳೆಯ ಸೂಟು ತೊಟ್ಟವನು, ಪೆನ್ನು ಎತ್ತಿ ನನ್ನ ಮುಖ ನೋಡಿದ.

"ಅಮ್ಮಾ, ಇದು ಸ್ವಲ್ಪ ಜಾಸ್ತಿ ಆಯ್ತು. ಈ ಕಾರುಗಳನ್ನ ಕೊಳ್ತಾ ಇದ್ದವರು ನಿಮ್ಮ ಕಾಲದವರು. ಈಗ ಅವರೇ ಮಾರೋಕೆ ಬರ್ತಿದಾರೆ. ಇಲ್ಲಾಂದ್ರೆ..." ಎಂದು ತಡವರಿಸಿದ.

"ಇಲ್ಲಾಂದ್ರೆ ಸತ್ತಿದಾರೆ. ಹೇಳಪ್ಪ, ನನಗೇನು ಬೇಜಾರಿಲ್ಲ" ಎಂದೆ.

"ನಿನ್ನ ಕೆಲಸ ಕೂಗೋದು, ಕೂಗು ಹೋಗು" ಎಂದು ಡ್ಯಾರೆಲ್ ಅವನನ್ನು ಗದರಿದ.

ಬ್ಯೂಕಿಗೆ ಮುಂಚೆ ವೇದಿಕೆ ಹತ್ತಿದ್ದು ತೊಂಬತ್ತರ ದಶಕದ ಒಂದು ಟೊಯೋಟಾ. ಮೂವತ್ತು ಮೂವತ್ತೈದು ವಯಸ್ಸಿನವರು ಕುರ್ಚಿ ಬಿಟ್ಟೆದ್ದು ಫೋನುಗಳನ್ನು ಮೇಲೆತ್ತಿದರು. ಬೆಲೆ ಒಂದು ಲಕ್ಷ ದಾಟಿದಾಗ ಶಿಳ್ಳೆ, ಚಪ್ಪಾಳೆ. ಡ್ಯಾರೆಲನ ಕಿವಿ ಕೆಂಪಾಯಿತು. "ಇಂಥ ಪರದೇಶದ ಗಾಡೀನ ನಮ್ಮ ಕಾರ್ಖಾನೆ ಪಾರ್ಕಿಂಗಿನಲ್ಲಿ ನಿಲ್ಲಿಸೋಕೂ ಬಿಡ್ತಿರಲಿಲ್ಲ ನಾವು" ಎಂದು ಪಕ್ಕದವನಿಗೆ ಹೇಳಿದ. ಪಕ್ಕದವನು ಫೋನಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ನಮ್ಮದು ಬಂತು. ಇಂಜಿನ್ನಿನ ಗುಡುಗಿಗೆ ನನ್ನ ಕುರ್ಚಿಯೇ ನಡುಗಿತು, ಆ ಶಬ್ದ ಕೇಳಿದರೆ ಈಗಲೂ ನನಗೆ ಎದೆ ತುಂಬಿ ಬರುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಚಪ್ಪಾಳೆ ಹೊಡೆದವರೆಲ್ಲ ಅಷ್ಟರಲ್ಲಿ ಕಾಫಿಗೆ ಎದ್ದು ಹೋಗಿದ್ದರು. ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಮೂವತ್ತೊಂದು. ಕೂಗುವವನು ಗಂಟಲು ಹರಿದುಕೊಂಡ. ಮೂವತ್ತೊಂದಕ್ಕೇ ನಿಂತಿತು. ಮಿತಿ ಮುಟ್ಟಲಿಲ್ಲವೆಂದು ಕಾರನ್ನು ಹಾಗೇ ಇಳಿಸಿ ಹೊರಗೆ ತಳ್ಳಿದರು.

ಡ್ಯಾರೆಲ್ ಟ್ರೇಲರ್ ತರಲು ಹೋದ. ನಾನು ಕಾರಿನ ಪಕ್ಕ ನಿಂತಿದ್ದೆ. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಹತ್ತಿರ ಬಂದಳು. ಗಂಡಸರ ಬೂಟು, ಉಗುರಿನ ಸಂದಿಯಲ್ಲಿ ಗ್ರೀಸು. ಗ್ರ್ಯಾಂಡ್ ರ‍್ಯಾಪಿಡ್ಸಿನಲ್ಲಿ ಅವಳದೊಂದು ಕಾರು ಗ್ಯಾರೇಜು, ಹೆಸರು ಕೋರಿನ್ ಎಂದು ಹೇಳಿಕೊಂಡಳು.

"ನೀವೇ ವರ್ನಾ ಸ್ಟೊಡೋಲಾ ಅಲ್ವಾ? ಜುಲೈನಲ್ಲಿ ಈ ಕಾರು ನೋಡೋಕೆ ಒವಾಸೊಗೆ ಬಂದಿದ್ದೆ. ನಲವತ್ತೆರಡು ಕೊಡ್ತೀನಿ ಅಂದಿದ್ದೆ."

"ಯಾರಿಗೆ ಅಂದಿದ್ರಿ?"

"ನಿಮ್ಮ ಜೊತೆ ಬಂದಿದಾರಲ್ಲ, ಅವರಿಗೆ. ಅರವತ್ತಕ್ಕಿಂತ ಕಡಿಮೆ ಕೇಳಿದ್ರೆ ಆ ಅಮ್ಮನಿಗೆ ಅವಮಾನ ಆಗುತ್ತೆ, ಗಂಡ ಸತ್ತು ಮೂರು ತಿಂಗಳಾಗಿಲ್ಲ, ಮನೆ ಹತ್ರ ಹೋಗಬೇಡಿ ಅಂದ್ರು. ಸರಿ ಅಂತ ವಾಪಸ್ ಹೋದೆ."

ಜುಲೈ. ಡುರಾಂಡಿನ ಮನೆ ಆಗ ಇನ್ನೂ ಖಾಲಿ ಇತ್ತು.

"ಈಗ ಕೊಡ್ತೀರಾ ನಲವತ್ತೆರಡು?"

ಅವಳು ನಾಚಿಕೊಂಡಳು. "ಈಗ ಆಗಲ್ಲಮ್ಮ. ಆಮೇಲೆ ಬೇರೆ ಒಂದು ಕಾರು ತಗೊಂಡೆ. ಇವತ್ತು ಇಲ್ಲಿ ಎಷ್ಟಕ್ಕೆ ನಿಲ್ತು ಅಂತ ನೀವೂ ನೋಡಿದ್ರಿ, ನಾನೂ ನೋಡಿದೆ. ಇಪ್ಪತ್ತೊಂಬತ್ತಾದ್ರೆ ತಗೋತೀನಿ. ಇನ್ನೊಂದು ಮಾತು, ಮುಚ್ಚಿಡಲ್ಲ. ಇಂಜಿನ್ ತೆಗೆದು ವಿದ್ಯುತ್ ಮೋಟಾರು ಕೂರಿಸ್ತೀನಿ. ಅದೇ ನನ್ನ ಕೆಲಸ."

ನಾನು ಅವಳ ನಂಬರು ಕೇಳಿ ಇಟ್ಟುಕೊಂಡೆ. ಡ್ಯಾರೆಲ್ ಟ್ರೇಲರನ್ನು ಹಿಮ್ಮುಖವಾಗಿ ತಂದು ಇಳಿದದ್ದೇ ತಡ, ಅವನ ಎದುರು ಹೋಗಿ ನಿಂತೆ.

"ಜುಲೈನಲ್ಲಿ ಒಬ್ಬಳು ಬಂದಿದ್ದಳಾ?"

"ಯಾರ್ಯಾರೋ ಬರ್ತಿರ್ತಾರೆ."

"ನಲವತ್ತೆರಡಕ್ಕೆ ಕೇಳಿದ್ದಳಾ, ಇಲ್ವಾ?"

ಅವನು ಸರಪಳಿಯನ್ನು ಕೈಗೆ ಸುತ್ತಿಕೊಳ್ಳುತ್ತಾ ನಿಂತ. "ಕೇಳಿದ್ದಳು. ಆಮೇಲೆ ಏನ್ ಮಾಡ್ತೀನಿ ಅಂದಳು ಗೊತ್ತಾ? ಇಂಜಿನ್ ಕಿತ್ತು ಬ್ಯಾಟರಿ ತುಂಬ್ತಾಳಂತೆ! ಮೈಲೋ ಕಾರಿಗೆ! ಮಿಕ್ಸಿ ಹಾಗೆ ಗುಂಯ್ ಅನ್ನಬೇಕಾ ಅದು?"

"ಅವಳು ಅದಕ್ಕೆ ಜೋಳ ತುಂಬಿ ಹಂದಿಗೆ ಮೇಯಿಸಲಿ ಕಣೋ, ನಿನಗೇನಾಗಬೇಕು? ಅದು ನನ್ನ ಕಾರು. ನನ್ನ ಮನೆ ಹೋಯ್ತು ನಿನ್ನಿಂದ. ನನ್ನ ತಂಗಿ ಪಕ್ಕದ ಮನೆ!"

"ನನಗೆ ನೀನು ಮನೆ ವಿಷಯ ಅಷ್ಟು ಗಟ್ಟಿಯಾಗಿ ಹೇಳಿರಲಿಲ್ಲ..."

"ಪ್ರತಿ ಶುಕ್ರವಾರ ಹೇಳಿದೀನಿ! ಪ್ರತಿ ಶುಕ್ರವಾರ!"

ಸುತ್ತಲಿದ್ದವರು ತಿರುಗಿ ನೋಡಿದರು. ಇಬ್ಬರೂ ಒಂದೇ ಪಿಕಪ್ಪಿನಲ್ಲಿ ವಾಪಸ್ ಬರಬೇಕಿತ್ತಲ್ಲ, ಅದು ಇನ್ನೊಂದು ಶಿಕ್ಷೆ. ಪೆಟ್ರೋಲ್ ಬಂಕಿನಲ್ಲಿ ಇಳಿದು "ಕಾಫಿ ಬೇಕಾ?" ಎಂದ. "ಬೇಡ" ಎಂದೆ. ಆದರೂ ತಂದು ನನ್ನ ಪಕ್ಕ ಇಟ್ಟ. ಒವಾಸೊ ಮುಟ್ಟುವವರೆಗೂ ಅದು ಅಲ್ಲೇ ಕೂತು ತಣ್ಣಗಾಯಿತು.

ಮರುದಿನವೇ ಕೋರಿನ್‌ಗೆ ಫೋನ್ ಮಾಡಿ ಒಪ್ಪಿಗೆ ಹೇಳಿದೆ. ಅಕ್ಟೋಬರಿನಲ್ಲಿ ಒಂದು ಬೆಳಗ್ಗೆ ಅವಳು ಚಪ್ಪಟೆ ಬೆನ್ನಿನ ಲಾರಿ ತಂದಳು. ಅವಳ ಹಿಂದೆಯೇ ಡ್ಯಾರೆಲನ ಪಿಕಪ್ ಬಂತು. ಯಾರು ಹೇಳಿದರೋ ಗೊತ್ತಿಲ್ಲ. ಶೆಡ್ಡಿನ ದಾರಿಗೆ ಅಡ್ಡವಾಗಿ ನಿಲ್ಲಿಸಿ, ಬೀಗದ ಕೈಯನ್ನು ಜೇಬಿಗಿಟ್ಟುಕೊಂಡು ಇಳಿದ.

"ತೆಗಿಯೋ ಅದನ್ನ" ಎಂದೆ.

"ಒಂದೇ ಒಂದು ಮಾತು ಕೇಳು ವರ್ನಾ. ವಸಂತದ ತನಕ ತಡಿ. ಇಪ್ಪತ್ತೊಂಬತ್ತಕ್ಕೆ ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತೆ. ನಾಳೆಯಿಂದ ಎಲ್ಲಾರೂ ಅದನ್ನೇ ಬೆಲೆ ಅಂತಾರೆ. ನಮ್ಮ ಕ್ಲಬ್ಬಿನಲ್ಲಿ ಎಷ್ಟು ಜನ ತಮ್ಮ ಕಾರಿನ ಬೆಲೇನೇ ನಂಬ್ಕೊಂಡಿದಾರೆ ಗೊತ್ತಾ ನಿನಗೆ?"

"ಹಾಗಾದ್ರೆ ಆ ಕ್ಲಬ್ಬಿನವರೇ ಬಂದು ತಗೊಳ್ಳಲಿ. ನೀನೇ ತಗೋ! ಅರವತ್ತೈದು ಬಾಳುತ್ತೆ ಅಂತೀಯಲ್ಲ, ನನಗೆ ಇಪ್ಪತ್ತೊಂಬತ್ತೂ ಬೇಡ, ಇಪ್ಪತ್ತು ಕೊಡು. ಈಗಲೇ ಕೊಡು. ಲಾಭ ಪೂರ್ತಿ ನಿನಗೇ."

ಅವನು ಟೋಪಿ ತೆಗೆದು ಒಳಗಡೆ ನೋಡಿದ, ಉತ್ತರ ಅಲ್ಲಿದೆ ಎಂಬ ಹಾಗೆ. ಮತ್ತೆ ಹಾಕಿಕೊಂಡ.

"ನನ್ನದನ್ನೇ ಮಾರೋಕೆ ಆಗ್ತಿಲ್ಲ ಕಣೇ" ಎಂದ.

"ಏನು?"

"ನೀಲಿಯದು. ನಾಲ್ಕು ವರ್ಷ ಆಯ್ತು ಮಾರಾಟಕ್ಕೆ ಹಾಕಿ. ಫ್ಲಿಂಟಿನಲ್ಲಿರೋ ನನ್ನ ತಂಗಿ ಮಗನ ನಂಬರು ಕೊಟ್ಟು ಹಾಕಿದೀನಿ, ಕ್ಲಬ್ಬಿನವರಿಗೆ ಗೊತ್ತಾಗಬಾರದು ಅಂತ. ಮೈಲೋಗೂ ಹೇಳಿರಲಿಲ್ಲ. ಮೊದಲು ಎಪ್ಪತ್ತು ಅಂದೆ, ಆಮೇಲೆ ಅರವತ್ತು, ಐವತ್ತು. ಫೋನ್ ಮಾಡೋರೆಲ್ಲ ತಮ್ಮದನ್ನ ನಾನು ತಗೋತೀನಾ ಅಂತ ಕೇಳೋಕೆ ಮಾಡ್ತಾರೆ. ಪೆಗ್ಗಿಗೆ ಮಾತ್ರ ಇವತ್ತಿಗೂ ಎಪ್ಪತ್ತು ಬಾಳುತ್ತೆ ಅಂತಾನೇ ಹೇಳಿದೀನಿ. ನಿನ್ನದು ಇಪ್ಪತ್ತೊಂಬತ್ತಕ್ಕೆ ಹೋಯ್ತು ಅಂತ ಅವಳಿಗೆ ಗೊತ್ತಾದ್ರೆ, ನಾನು ಅವಳ ಮುಖ ಹೇಗೆ ನೋಡಲಿ?"

ಪೆಗ್ಗಿ ಅವನ ಹೆಂಡತಿ. ಅವಳೂ ನನ್ನ ಹಾಗೆಯೇ ನಲವತ್ತು ವರ್ಷ ಹಿಂಬಾಗಿಲಲ್ಲಿ ನಿಂತು ಕೂಗಿದವಳು. ಒಂದು ಕ್ಷಣ ಅವನನ್ನು ಕಂಡು ಅಯ್ಯೋ ಎನ್ನಿಸಿತು. ಮರುಕ್ಷಣ, ಅವನ ಹೆಂಡತಿಯ ಮುಂದೆ ಅವನ ಮಾನ ಉಳಿಯಲೆಂದು ನನ್ನ ಮನೆ ಹೋಯಿತಲ್ಲ ಎಂದು ಸಿಟ್ಟು ಬಂತು. ಎರಡೂ ಒಟ್ಟಿಗೇ ಇದ್ದವು. "ಗಾಡಿ ತೆಗಿ ಡ್ಯಾರೆಲ್" ಎಂದಷ್ಟೇ ಹೇಳಿದೆ.

ಅಷ್ಟು ಹೊತ್ತು ಲಾರಿಗೆ ಒರಗಿ ನಿಂತಿದ್ದ ಕೋರಿನ್ ಸಮಾಧಾನ ಮಾಡಲು ಮುಂದೆ ಬಂದಳು. "ಸರ್, ನಿಮಗೆ ಬೇಕಿದ್ರೆ ಇಂಜಿನ್ ನೀವೇ ಇಟ್ಕೊಳ್ಳಿ. ಒಂದು ಪೈಸೆ ಬೇಡ. ನನಗೆ ಅದು ಬರೀ ಭಾರ."

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಡ್ಯಾರೆಲ್ "ಬರೀ ಭಾರ" ಎಂದು ಅವಳ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದ. ಆಮೇಲೆ ಪಿಕಪ್ಪನ್ನು ಪಕ್ಕಕ್ಕೆ ತೆಗೆದ.

ಬ್ಯೂಕನ್ನು ಲಾರಿಗೆ ಹತ್ತಿಸುವಾಗ ಕೋರಿನ್ ಎಷ್ಟು ತಿರುವಿದರೂ ಇಂಜಿನ್ ಹೊತ್ತಿಕೊಳ್ಳಲಿಲ್ಲ. ಚಳಿಯಲ್ಲಿ ಅದಕ್ಕೆ ಅದರದೇ ಹಟ. ಡ್ಯಾರೆಲ್ ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ, "ಇಳಿಯಮ್ಮ, ಪೆಟ್ರೋಲ್ ಕುಡಿಸಿ ಕುಡಿಸಿ ಉಸಿರು ಕಟ್ಟಿಸಿಬಿಟ್ಟೆ" ಎಂದು ತಾನೇ ಒಳಗೆ ಕೂತ. ಎರಡು ಸಲ ಕಾಲೊತ್ತಿ, ಕಾದು, ತಿರುವಿದ. ಗುಡುಗಿತು. ಪಕ್ಕದ ಮನೆಯ ನಾಯಿ ಬೊಗಳಿತು. ಒಂದೇ ಓಟಕ್ಕೆ ನೆಟ್ಟಗೆ ಲಾರಿಯ ಮೇಲೆ ಹತ್ತಿಸಿದ. ಆಮೇಲೆ ಇಳಿಯಲೇ ಇಲ್ಲ. ಸ್ಟಿಯರಿಂಗ್ ಚಕ್ರದ ಮೇಲೆ ಎರಡು ಕೈಯಿಟ್ಟು, ಇಂಜಿನ್ ಆರಿಸದೆ, ನೇರ ಮುಂದೆ ನೋಡುತ್ತಾ ಕೂತ. ಕೋರಿನ್ ನನ್ನನ್ನು ನೋಡಿದಳು, ನಾನು ನೆಲ ನೋಡಿದೆ. ಕೊನೆಗೆ ಅವಳು, "ಸರ್, ಇಳೀತೀರಾ?" ಎಂದಳು.

ಲಾರಿ ಹೋದ ಮೇಲೆ ಶೆಡ್ಡಿನ ಬಾಗಿಲಲ್ಲಿ ನಿಂತೆ. ಅಷ್ಟು ದೊಡ್ಡ ಜಾಗ ಎಂದು ನನಗೆ ಗೊತ್ತೇ ಇರಲಿಲ್ಲ. ಡ್ಯಾರೆಲನ ಮೇಲೆ ಮಾಡಿದ ಸಿಟ್ಟೆಲ್ಲ ಅಲ್ಲಿ ನಿಂತಾಗ ಮೈಲೋನ ಮೇಲೆ ತಿರುಗಿತು. ಕಾರು ಏಳಕ್ಕೆ ಹೋಗಲಿ ಎಪ್ಪತ್ತಕ್ಕೆ ಹೋಗಲಿ, ಯಾರಿಗೆ ಬೇಕಿತ್ತು? ಇಸ್ಪೀಟ್ ಆಡಲು ನನ್ನ ಎದುರು ಒಬ್ಬ ಗಂಡಸು ಬೇಕಿತ್ತು. "ನಿನಗೇ ಕಣೇ" ಎಂದು ಹೇಳಿ ಹೇಳಿ ನನ್ನ ಬಾಯಿ ಮುಚ್ಚಿಸಿ, ನಲವತ್ತು ವರ್ಷದ ಸಂಜೆಗಳನ್ನು ಇಲ್ಲಿ ತಂದು ಸುರಿದ. ನಾನೂ ನಂಬಿ ಸುಮ್ಮನಿದ್ದೆ. "ಮೈಲೋ, ನಿನ್ನ ತಲೆ!" ಎಂದು ಜೋರಾಗಿ ಕೂಗಿದೆ. ತಗಡಿನ ಗೋಡೆ ಅದನ್ನೇ ವಾಪಸ್ ಕೂಗಿತು.

ಬಂದ ಹಣದಲ್ಲಿ ನೆಲದ ಅಂತಸ್ತಿನಲ್ಲಿ ಒಂದು ಬಚ್ಚಲು ಕಟ್ಟಿಸಿದೆ, ಹೊಸ ಬಾಯ್ಲರ್ ಹಾಕಿಸಿದೆ. ಡುರಾಂಡಿನಲ್ಲಿ ಅಂಥ ಮನೆ ಮತ್ತೆ ಮಾರಾಟಕ್ಕೆ ಬಂದಿಲ್ಲ. ಡ್ಯಾರೆಲನ ಜೊತೆ ಸುಮಾರು ಮೂರು ತಿಂಗಳು ಮಾತು ಬಿಟ್ಟೆ. ಆದರೆ ಜನವರಿಯಲ್ಲಿ ಹಿಮ ಸುರಿದಾಗ, ಎಂದಿನಂತೆ ಅವನು ಸಲಿಕೆ ಹಿಡಿದು ಅಂಗಳದಲ್ಲಿ ನಿಂತಿದ್ದ. ಎಷ್ಟು ಹೊತ್ತು ಅಂತ ಕಿಟಕಿಯಿಂದ ನೋಡುವುದು? ಒಳಗೆ ಕರೆದು ಬಿಸಿ ಸೂಪು ಬಡಿಸಿದೆ. ಕೈ ಬೆಚ್ಚಗೆ ಮಾಡಿಕೊಳ್ಳುತ್ತಾ ತಾನೇ ಬಾಯಿ ಬಿಟ್ಟ.

"ಸ್ವೀಡನ್ನಿಂದ ಒಬ್ಬ ನೀಲಿಯದನ್ನ ಕೇಳಿದ. ಅಲ್ಲಿ ಇವುಗಳಿಗೆ ಪ್ರಾಣ ಬಿಡ್ತಾರಂತೆ. ಹಡಗಿನ ಖರ್ಚೂ ಅವನದೇ. ಮೂವತ್ತಾರು ಅಂದ."

"ದೇವರು ದೊಡ್ಡವನು. ಯಾವಾಗ ತಗೊಂಡು ಹೋಗ್ತಾನೆ?"

ಅವನು ಬಟ್ಟಲಿನಲ್ಲಿ ಚಮಚ ಆಡಿಸಿದ. "ನಾನು ನಲವತ್ತೈದು ಅಂದೆ. ತಾನಾಗೇ ಮೇಲೆ ಬಿದ್ದು ಕೇಳ್ತಿದಾನೆ ಅಂದಮೇಲೆ... ಇನ್ನೂ ಉತ್ತರ ಬಂದಿಲ್ಲ. ಮೂರು ವಾರ ಆಯ್ತು."

ನಾನು ಸೂಪಿನ ಸೌಟನ್ನು ಕೆಳಗಿಟ್ಟೆ.

"ವಸಂತದಲ್ಲಿ ಬೆಲೆ ಏರುತ್ತೆ ಅಂತಾರೆ ವರ್ನಾ" ಎಂದ.

"ಯಾರು ಅಂತಾರೆ?"

"ಎಲ್ಲಾರೂ. ಕ್ಲಬ್ಬಿನಲ್ಲಿ ಎಲ್ಲಾರೂ."

ಅವನ ಮುಂದಿದ್ದ ಸೂಪಿನ ಬಟ್ಟಲನ್ನು ಎತ್ತಿಕೊಂಡು ಹೋಗಿ ಸಿಂಕಿಗೆ ಸುರಿದೆ. ತಿರುಗಿ ನೋಡಿದರೆ ಅವನು ಚಮಚವನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.